ಚಮಕಿ

ಬಟ್ಟೆಯ ಮೇಲೆ ಹೊಲಿಯುವ, ನಡುವೆ ತೂತಿರುವ ಹೊಳೆಯುವ ಪುಟ್ಟ ಬಿಲ್ಲೆ. ಹಾಸನದ ಬೂವನಹಳ್ಳಿಯಿಂದ ಹೊಳೆನರಸೀಪುರ, ಅರಕಲಗೂಡಿನವರೆಗೆ ಮದುವೆಯ ರವಿಕೆ ಹೊಲಿಸುವವರೆಲ್ಲರಿಗೂ ಇದು ಚಮಕಿಯೇ. ಹೆಸರು ಬಂದದ್ದು ಹಿಂದೂಸ್ತಾನಿಯ ‘ಚಮಕ್’, ಅಂದರೆ ಹೊಳಪು ಎಂಬ ಪದದಿಂದ. ಅದೇ ಪದ ಆಡುಮಾತಿನಲ್ಲಿ ‘ಚಮಕ್ ಕೊಡು’ ಎಂದು ಬೇರೊಂದು ದಾರಿ ಹಿಡಿದಿದೆ. 2017ರಲ್ಲಿ ಸಿನಿಮಾ ಹೆಸರೂ ಆಯಿತು.

ಕನ್ನಡದಲ್ಲಿ ಮೊದಲಿಂದ ಇರುವ ‘ಬೇಗಡೆ’ಯನ್ನು ಚಮಕಿಗೆ ಪರ್ಯಾಯವೆಂದು ಹೇಳುವುದುಂಟು. ಅದು ಪೂರ್ತಿ ಸರಿಯಲ್ಲ. ಬೇಗಡೆ ಎಂದರೆ ಕತ್ತರಿಸಿ ಅಂಟಿಸುವ ತೆಳು ಹೊಳೆಯುವ ಹಾಳೆ. ಯಕ್ಷಗಾನದ ವೇಷಭೂಷಣದಲ್ಲಿ ಅದರದೇ ಮೆರುಗು. ಚಮಕಿಗಾದರೋ ಸೂಜಿ ಹೋಗಬೇಕು. ಹಳೆಯ ಕಾಲದ ಲೋಹದ ಚಮಕಿ ತಯಾರಾಗುತ್ತಿದ್ದ ಬಗೆಯೇ ಆ ತೂತಿಗೆ ಕಾರಣ: ತಂತಿಯನ್ನು ಕಡ್ಡಿಗೆ ಸುರುಳಿಯಾಗಿ ಸುತ್ತಿ, ಸುರುಳಿಯನ್ನು ಬಳೆ ಬಳೆಯಾಗಿ ಕತ್ತರಿಸಿ, ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡುತ್ತಿದ್ದರು. ನಡುವಿನ ತೂತು ತಾನಾಗಿಯೇ ಉಳಿಯುತ್ತಿತ್ತು.

ಇದೇ ವಸ್ತುವಿಗೆ ಯುರೋಪಿನಲ್ಲಿರುವ ‘ಸೀಕ್ವಿನ್’ ಎಂಬ ಹೆಸರಿನ ಬೇರು ಟಂಕಸಾಲೆಯಲ್ಲಿದೆ. ನಾಣ್ಯದ ಅಚ್ಚಿಗೆ ಅರಬ್ಬಿಯಲ್ಲಿ ಸಿಕ್ಕಾ. ಅದರಿಂದ ವೆನಿಸ್‌ನ ಟಂಕಸಾಲೆಗೆ ಜೆಕ್ಕಾ ಎಂಬ ಹೆಸರು, ಅಲ್ಲಿ ಅಚ್ಚಾದ ಚಿನ್ನದ ನಾಣ್ಯಕ್ಕೆ ಜೆಕ್ಕಿನೊ, ಫ್ರೆಂಚರ ಬಾಯಲ್ಲಿ ಸೀಕ್ವಿನ್. 1284ರಲ್ಲಿ ವೆನಿಸ್ ಹೊರಡಿಸಲು ತೀರ್ಮಾನಿಸಿದ ಈ ನಾಣ್ಯದ ತೂಕ ಸುಮಾರು 3.5 ಗ್ರಾಂ. 1797ರಲ್ಲಿ ಗಣರಾಜ್ಯ ಬಿದ್ದ ಮೇಲೆ ಹಣವಾಗಿ ಅದರ ಕಾಲ ಮುಗಿಯಿತು, ಹೆಸರು ಬಟ್ಟೆಯ ಬಿಲ್ಲೆಗೆ ಅಂಟಿಕೊಂಡಿತು. ಉತ್ತರ ಕರ್ನಾಟಕದವರು ಕಾಗದದ ಮೇಲೆ ಒತ್ತುವ ‘ಶಿಕ್ಕಾ’ ಕೂಡ ಇದೇ ಮನೆತನದ್ದು.

ಆ ನಾಣ್ಯ ವ್ಯಾಪಾರದ ಹಡಗುಗಳಲ್ಲಿ ಭಾರತದ ಪಶ್ಚಿಮ ಕರಾವಳಿಗೂ ಬಂದಿತ್ತು. ಅದರ ಮೇಲಿದ್ದದ್ದು ಸಂತ ಮಾರ್ಕನ ಮುಂದೆ ಮಂಡಿಯೂರಿದ ವೆನಿಸ್‌ನ ದೊರೆ. ನಮ್ಮವರು ಅದರಲ್ಲಿ ಗೊಂಬೆಯನ್ನು ಕಂಡು ‘ಪುತಳಿ’ ಎಂದರು, ಪುತಳಿ ಸರ ಮಾಡಿ ಕೊರಳಿಗೆ ಹಾಕಿದರು. ಹಳೆ ಮೈಸೂರಿನ ಕಾಸಿನ ಸರದಲ್ಲೂ ನಾಣ್ಯವೇ ಒಡವೆ.

ನಾಣ್ಯ ನೇರವಾಗಿ ಬಟ್ಟೆಗೇ ಏರುವುದನ್ನು ನೋಡಬೇಕಾದರೆ ಲಂಬಾಣಿ ಹೆಂಗಸರ ಉಡುಪಿದೆ: ಕನ್ನಡಿ ಚೂರು, ಕವಡೆ, ಕಾಸು ಎಲ್ಲವೂ ಒಂದೇ ಕಸೂತಿಯಲ್ಲಿ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ ಈ ಕಸೂತಿಯ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ಲೋಹದ ಚಮಕಿ ಭಾರ. 1930ರ ದಶಕದಲ್ಲಿ ಬಂದ ಜೆಲಟಿನ್ ಬಿಲ್ಲೆ ಹಗುರವಾಗಿತ್ತು, ಆದರೆ ನೀರು ತಾಗಿದರೆ ಕರಗುತ್ತಿತ್ತು. ಈಗಿನ ಚಮಕಿ ಬಹುಪಾಲು ಪ್ಲಾಸ್ಟಿಕ್ಕಿನದು. ಒಗೆತಕ್ಕೆ ಬಾಳುತ್ತದೆ, ಇಸ್ತ್ರಿಯ ಶಾಖಕ್ಕೆ ಮುದುಡುತ್ತದೆ.