ಪದ ಪರಿಚಯ: ಕವಡೆ

ಕವಡೆ (ನಾಮಪದ): ಸಮುದ್ರದಲ್ಲಿ ಬಾಳುವ ಒಂದು ಜಾತಿಯ ಸಣ್ಣ ಬಸವನಹುಳುವಿನ ಚಿಪ್ಪು. ಮದ್ದೂರು, ಮಳವಳ್ಳಿ ಕಡೆಯ ಆಡುಮಾತಿನಲ್ಲಿ 'ಕವ್ಡೆ'.

ಸಂಸ್ಕೃತದ 'ಕಪರ್ದ', 'ಕಪರ್ದಿಕಾ' ಪ್ರಾಕೃತದಲ್ಲಿ 'ಕವಡ್ಡ'ವಾಗಿ, ಕನ್ನಡದಲ್ಲಿ 'ಕವಡೆ' ಎಂದು ನೆಲೆಸಿತು. ಹಿಂದಿಯ 'ಕೌಡಿ', ಅದರಿಂದ ಬಂದ ಇಂಗ್ಲಿಷಿನ 'ಕೌರಿ' ಇದರ ಬಳಗದವೇ. ಸುರುಳಿ ಸುತ್ತಿದ ಜಡೆಗೂ 'ಕಪರ್ದ' ಎಂಬ ಹೆಸರಿದೆ. ಜಟಾಧಾರಿ ಶಿವ 'ಕಪರ್ದಿ'.

ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಈ ಚಿಪ್ಪಿನ ಜೀವಿಗೆ 'ಸಿಪ್ರಿಯಾ ಮೊನೆಟಾ' ಎಂದು ಹೆಸರಿಟ್ಟ. 'ಮೊನೆಟಾ' ಎಂದರೆ ಲ್ಯಾಟಿನ್ನಿನಲ್ಲಿ ನಾಣ್ಯ. ವರ್ಗೀಕರಣ ಪರಿಷ್ಕಾರವಾದಂತೆ ಕುಲದ ಹೆಸರು ಬದಲಾಗಿ ಇಂದು ಅದು 'ಮೊನೆಟೇರಿಯಾ ಮೊನೆಟಾ'. ಮೃದ್ವಂಗಿಗಳ ವಂಶ, ಉದರಪಾದಿಗಳ ವರ್ಗ, ಸಿಪ್ರೈಡೀ ಕುಟುಂಬ ಇದರದು. ಬೆನ್ನ ಮೇಲೆ ಹಳದಿ ಉಂಗುರವಿರುವ 'ಮೊನೆಟೇರಿಯಾ ಆನ್ಯುಲಸ್' ಇದರ ಹತ್ತಿರದ ನಂಟ. ನಾವು ಎರಡನ್ನೂ ಕವಡೆ ಎಂದೇ ಕರೆಯುತ್ತೇವೆ.

ಮಾಲ್ಡೀವ್ಸ್ ದ್ವೀಪಗಳಿಂದ ಹಡಗೇರಿ ಬಂದ ಕವಡೆ ಭಾರತದಲ್ಲಿ ಶತಮಾನಗಳ ಕಾಲ ಚಿಲ್ಲರೆ ಹಣವಾಗಿತ್ತು. 'ಕವಡೆ ಕಾಸಿನ ಕಿಮ್ಮತ್ತೂ ಇಲ್ಲ' ಎಂಬ ಮಾತಿನಲ್ಲಿ ಆ ವ್ಯವಹಾರ ಇನ್ನೂ ಉಳಿದಿದೆ. ಕಡಲಿಲ್ಲದ ಮಂಡ್ಯ ಸೀಮೆಯಲ್ಲಿ ಕವಡೆಗೆ ಚೌಕಾಬಾರ ಆಟದಲ್ಲಿ ಜಾಗ ಸಿಕ್ಕಿತು: ಎಸೆದ ನಾಲ್ಕು ಕವಡೆಗಳೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು; ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಕಣಿ ಹೇಳುವವರ 'ಕವಡೆ ಶಾಸ್ತ್ರ'ವೂ ಕವಡೆಯನ್ನೇ ನೆಚ್ಚಿದೆ.

ಕಡಲ ಜೀವಿಯೊಂದನ್ನು ಗಾದೆಗೂ ಜಗಲಿಗೂ ಸೇರಿಸಿಕೊಂಡ ಈ ಪದವನ್ನು ಮಕ್ಕಳಿಗೆ ಆಟದ ಜೊತೆಯಲ್ಲೇ ಕಲಿಸೋಣ.