ಹವ್ಯಾಸಿ ರಂಗತಂಡಗಳಿಗೆ ನೆರವು: ಎಲ್ಲಿದೆ, ಯಾರಿಗೆ ದಕ್ಕುತ್ತದೆ?

ಮಂಡ್ಯ, ತುಮಕೂರು, ಹಾಸನ ಸೀಮೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ನಾಟಕ ಆಡುವವರು ಸಂಭಾವನೆ ಪಡೆಯುವುದಿಲ್ಲ. ತಾವೇ ಹಣ ಕೊಟ್ಟು ಪಾತ್ರ ಪಡೆಯುತ್ತಾರೆ. ಹಾಡು, ಮಾತು ಹೆಚ್ಚಿರುವ ಕೃಷ್ಣ, ದುರ್ಯೋಧನನ ಪಾತ್ರಗಳಿಗೆ ಹೆಚ್ಚು ಹಣ. ಸಣ್ಣ ಪಾತ್ರಗಳಿಗೆ ಕಡಿಮೆ. ಹೀಗೆ ಕೂಡಿದ ಹಣದಲ್ಲೇ ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಸೀನರಿ ಬಾಡಿಗೆ, ಸ್ತ್ರೀಪಾತ್ರಕ್ಕೆ ಬರುವ ವೃತ್ತಿ ಕಲಾವಿದೆಯರ ಗೌರವಧನ, ಮೈಕು, ದೀಪ ಎಲ್ಲವೂ ನಡೆಯಬೇಕು. ನಗರಗಳ ಹವ್ಯಾಸಿ ತಂಡಗಳ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಬ್ಯಾಂಕು, ಶಾಲೆ, ಕಾರ್ಖಾನೆಗಳಲ್ಲಿ ಹಗಲು ದುಡಿದವರು ಸಂಜೆ ತಾಲೀಮಿಗೆ ಕೂಡುತ್ತಾರೆ, ರಂಗಮಂದಿರದ ಬಾಡಿಗೆಯನ್ನು ಜೇಬಿನಿಂದ ಹಂಚಿಕೊಳ್ಳುತ್ತಾರೆ.

ಇಂಥ ತಂಡಗಳಿಗೆಂದೇ ರಾಜ್ಯದಲ್ಲೂ ಕೇಂದ್ರದಲ್ಲೂ ಹಣ ಮೀಸಲಿದೆ. ಖಾಸಗಿ ವಲಯದಲ್ಲೂ ಅಷ್ಟಿಷ್ಟು ಅವಕಾಶವಿದೆ. ಆದರೆ ಈ ನೆರವು ಗುರುತಿಸುವುದು ಕಾಗದಪತ್ರ ಸರಿಯಾಗಿರುವ ಸಂಸ್ಥೆಯನ್ನೇ ಹೊರತು ಚೆನ್ನಾಗಿ ಅಭಿನಯಿಸುವ ಗುಂಪನ್ನಲ್ಲ. ಇಪ್ಪತ್ತು ವರ್ಷ ನಾಟಕವಾಡಿದ ತಂಡವೊಂದು ನೋಂದಣಿ ಇಲ್ಲದ ಕಾರಣಕ್ಕೆ ಅರ್ಜಿ ಹಾಕಲಾರದೆ ಉಳಿಯುವುದೂ, ಮೂರು ವರ್ಷದ ಹಿಂದೆ ಹುಟ್ಟಿದ ಸಂಘ ಅನುದಾನ ಪಡೆಯುವುದೂ ಒಂದೇ ಊರಿನಲ್ಲಿ ಸಾಧ್ಯ.

ಮೊದಲು ಸಂಘ, ಆಮೇಲೆ ಸಹಾಯ

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿಯಲ್ಲಿ ಕನಿಷ್ಠ 7 ಮಂದಿ ಸೇರಿ ಸಂಘವೊಂದನ್ನು ನೋಂದಾಯಿಸಬಹುದು. ಸಾಹಿತ್ಯ, ಲಲಿತಕಲೆಗಳ ಪೋಷಣೆ ಈ ಕಾಯ್ದೆ ಒಪ್ಪುವ ಉದ್ದೇಶಗಳಲ್ಲಿ ಸೇರಿದೆ. ನೋಂದಣಿ ಸಹಕಾರ ಇಲಾಖೆಗೆ ಸೇರಿದ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಆಗುತ್ತದೆ. ಉದ್ದೇಶಪತ್ರ ಮತ್ತು ಬೈಲಾ ಮುಖ್ಯ ದಾಖಲೆಗಳು. ಬೇರೆ ಸಂಘದ ಬೈಲಾವನ್ನು ಹೆಸರು ಬದಲಿಸಿ ನಕಲು ಮಾಡುವ ಅಭ್ಯಾಸ ವ್ಯಾಪಕವಾಗಿದೆ. ಮುಂದೆ ಅನುದಾನದ ಅರ್ಜಿ ಹಾಕುವಾಗ 'ನಾಟಕ ಪ್ರದರ್ಶನ', 'ರಂಗ ತರಬೇತಿ' ಎಂಬ ಮಾತುಗಳೇ ಉದ್ದೇಶಗಳಲ್ಲಿ ಇಲ್ಲವೆಂದು ಗೊತ್ತಾದರೆ ತಿದ್ದುಪಡಿಗೆ ಮತ್ತೆ ಅಲೆಯಬೇಕಾಗುತ್ತದೆ.

ನೋಂದಣಿಗಿಂತ ಕಷ್ಟದ ಕೆಲಸ ಅದನ್ನು ಜೀವಂತವಾಗಿ ಇಡುವುದು. ಪ್ರತಿವರ್ಷ ಸರ್ವಸದಸ್ಯರ ಸಭೆ ನಡೆಸಿ, ಲೆಕ್ಕಪರಿಶೋಧನೆ ಮಾಡಿಸಿ, ಲೆಕ್ಕಪತ್ರ ಹಾಗೂ ಕಾರ್ಯಕಾರಿ ಸಮಿತಿಯ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ನಾಟಕದವರಿಗೆ ಇದು ಬೇಸರದ ಕೆಲಸವೆಂಬುದು ನಿಜ. ಆದರೆ ಸರ್ಕಾರಿ ಅನುದಾನದ ಅರ್ಜಿಗಳಲ್ಲಿ ಸಾಮಾನ್ಯವಾಗಿ ಕೇಳುವುದು ಹಿಂದಿನ 3 ವರ್ಷಗಳ ಲೆಕ್ಕಪತ್ರ ಮತ್ತು ಚಟುವಟಿಕೆಯ ವರದಿ. ಇವತ್ತು ನೋಂದಾಯಿಸಿದ ತಂಡಕ್ಕೆ ನೆರವಿನ ಬಾಗಿಲು ತೆರೆಯುವುದು ಮೂರು ವರ್ಷದ ನಂತರವೇ. ಆ ಅವಧಿಯಲ್ಲಿ ಆಹ್ವಾನಪತ್ರಿಕೆ, ಪತ್ರಿಕಾ ತುಣುಕು, ದಿನಾಂಕವಿರುವ ಛಾಯಾಚಿತ್ರ, ಬಾಡಿಗೆ ರಸೀದಿ ಇವನ್ನೆಲ್ಲ ಒಂದು ಕಡತದಲ್ಲಿ ಕೂಡಿಡುವ ಒಬ್ಬ ಕಾರ್ಯದರ್ಶಿ ತಂಡಕ್ಕೆ ನಾಯಕನಟನಷ್ಟೇ ಅಗತ್ಯ. ಸಂಘದ ಹೆಸರಿನಲ್ಲಿ ಪ್ಯಾನ್ ಮತ್ತು ಇಬ್ಬರು ಪದಾಧಿಕಾರಿಗಳ ಜಂಟಿ ಸಹಿಯ ಬ್ಯಾಂಕ್ ಖಾತೆ ಇರಬೇಕು. ನಿರ್ದೇಶಕರ ಸ್ವಂತ ಖಾತೆಯಲ್ಲಿ ವ್ಯವಹಾರ ನಡೆಸುತ್ತ ಬಂದ ತಂಡಗಳು ಎಡವುವುದು ಇಲ್ಲಿಯೇ.

ರಾಜ್ಯ ಸರ್ಕಾರದ ನೆರವು

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘಸಂಸ್ಥೆಗಳ ಸಾಂಸ್ಕೃತಿಕ ಚಟುವಟಿಕೆಗಳಿಗೆ ಧನಸಹಾಯ ನೀಡುತ್ತದೆ. ವಾದ್ಯಪರಿಕರ ಹಾಗೂ ವೇಷಭೂಷಣ ಖರೀದಿಗೂ ನೆರವಿದೆ. ಅರ್ಜಿ ಸಲ್ಲಿಕೆ ಸೇವಾ ಸಿಂಧು ಜಾಲತಾಣದ ಮೂಲಕ. ಆರ್ಥಿಕ ವರ್ಷಕ್ಕೆ ಅನುಗುಣವಾಗಿ ಪ್ರಕಟಣೆ ಹೊರಡುತ್ತದೆ, ಕೊನೆಯ ದಿನಾಂಕ ತಪ್ಪಿದರೆ ಒಂದು ವರ್ಷ ಕಾಯಬೇಕು. ಜಿಲ್ಲಾ ಕೇಂದ್ರಗಳಲ್ಲಿರುವ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಯೊಂದಿಗೆ ಸಂಪರ್ಕ ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ ಲಾಭದಾಯಕ. ಮೈಸೂರು ದಸರಾ, ಹಂಪಿ ಉತ್ಸವ, ಕಿತ್ತೂರು ಉತ್ಸವ, ಕದಂಬೋತ್ಸವದಂಥ ಸರ್ಕಾರಿ ಉತ್ಸವಗಳಿಗೆ ತಂಡಗಳ ಆಯ್ಕೆಯಾಗುವಾಗಲೂ ಸ್ಥಳೀಯ ಕಚೇರಿಯ ಪಟ್ಟಿಯಲ್ಲಿ ಹೆಸರಿರುವುದು ನೆರವಾಗುತ್ತದೆ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಧನಸಹಾಯ ಸಾಮಾನ್ಯವಾಗಿ ಕಾರ್ಯಕ್ರಮ ಮುಗಿದು, ಖರ್ಚಿನ ದಾಖಲೆ ಸಲ್ಲಿಸಿದ ನಂತರ ಕೈಸೇರುವಂಥದ್ದು. ಮಂಜೂರಾಗುವ ಮೊತ್ತ ಕೇಳಿದ್ದಕ್ಕಿಂತ ಕಡಿಮೆ ಇರುವುದೂ ಉಂಟು. ಬರಲಿರುವ ಹಣವನ್ನು ನಂಬಿ ಸಾಲ ಮಾಡಿ ರಂಗಸಜ್ಜಿಕೆ ಕಟ್ಟಿದ ತಂಡ ಬಡ್ಡಿ ತೆರುತ್ತ ಕೂರಬೇಕಾದೀತು. ನೆರವು ಬಾರದಿದ್ದರೂ ಆಡಬಲ್ಲ ನಾಟಕಕ್ಕೆ ಅರ್ಜಿ ಹಾಕುವುದು ಕ್ಷೇಮ.

ನಾಟಕ, ಸಂಗೀತ-ನೃತ್ಯ, ಜಾನಪದ, ಯಕ್ಷಗಾನ, ಬಯಲಾಟಗಳಿಗೆ ಪ್ರತ್ಯೇಕ ಅಕಾಡೆಮಿಗಳಿವೆ. ಬಯಲಾಟ ಅಕಾಡೆಮಿಯ ಕೇಂದ್ರ ಬಾಗಲಕೋಟೆ. ಅಕಾಡೆಮಿಗಳು ಸ್ವತಃ ಶಿಬಿರ, ಕಮ್ಮಟ, ಉತ್ಸವಗಳನ್ನು ನಡೆಸುವುದರಿಂದ ಇಲ್ಲಿ ಹಣಕ್ಕಿಂತ ಸಹಯೋಗ ಕೇಳುವುದು ಹೆಚ್ಚು ಫಲಕಾರಿ. ಗಡಿಭಾಗದ ತಂಡಗಳಿಗೆ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಇನ್ನೊಂದು ದಾರಿ.

ಕೇಂದ್ರದ ಅನುದಾನ

ಕೇಂದ್ರ ಸಂಸ್ಕೃತಿ ಸಚಿವಾಲಯದ 'ಕಲಾ ಸಂಸ್ಕೃತಿ ವಿಕಾಸ ಯೋಜನೆ'ಯ ಅಡಿಯಲ್ಲಿ ಹಲವು ಉಪಯೋಜನೆಗಳಿವೆ. ನೀತಿ ಆಯೋಗದ 'ಎನ್‌ಜಿಒ ದರ್ಪಣ್' ಜಾಲತಾಣದಲ್ಲಿ ನೋಂದಾಯಿಸಿ ಗುರುತಿನ ಸಂಖ್ಯೆ ಪಡೆಯುವುದು ಇಲ್ಲಿಗೆ ಮೊದಲ ಮೆಟ್ಟಿಲು.

ಹವ್ಯಾಸಿಗಳಿಗೆ ಹೊಂದುವುದು 'ಸಾಂಸ್ಕೃತಿಕ ಕಾರ್ಯಕ್ರಮ ಮತ್ತು ನಿರ್ಮಾಣ ಅನುದಾನ'. ನಾಟಕ, ಉತ್ಸವ, ವಿಚಾರಸಂಕಿರಣ, ಕಮ್ಮಟಗಳಿಗೆ ಇದರಲ್ಲಿ ಸಾಮಾನ್ಯವಾಗಿ 5 ಲಕ್ಷ ರೂಪಾಯಿವರೆಗೆ, ಅಪರೂಪದ ಸಂದರ್ಭದಲ್ಲಿ 20 ಲಕ್ಷದವರೆಗೆ ನೀಡಲು ಅವಕಾಶವಿದೆ. ಹಣ ಕಂತುಗಳಲ್ಲಿ ಬರುತ್ತದೆ. ಬಳಕೆ ಪ್ರಮಾಣಪತ್ರ ಸಲ್ಲಿಸದೆ ಕೊನೆಯ ಕಂತು ಇಲ್ಲ.

ರಂಗವಲಯದಲ್ಲಿ ಹೆಚ್ಚು ಮಾತಾಗುವುದು 'ರೆಪರ್ಟರಿ ಗ್ರಾಂಟ್' ಕುರಿತು. ಗುರುವಿಗೆ ತಿಂಗಳಿಗೆ 15,000 ರೂಪಾಯಿ, ವಯಸ್ಕ ಶಿಷ್ಯರಿಗೆ 10,000 ರೂಪಾಯಿ, ನಾಟಕ ತಂಡವಾದರೆ ಒಬ್ಬ ಗುರು ಮತ್ತು ಗರಿಷ್ಠ 18 ಶಿಷ್ಯರು ಎಂಬುದು ಅದರ ಸ್ವರೂಪ. ಇದು ಕಲೆಯನ್ನೇ ನಿತ್ಯದ ಕಸುಬು ಮಾಡಿಕೊಂಡ ತಂಡಕ್ಕೆ ರೂಪಿಸಿದ ಯೋಜನೆ. ವಾರಕ್ಕೆರಡು ಸಂಜೆ ಕೂಡುವ ಗುಂಪು ಇದಕ್ಕೆ ಆಸೆಪಟ್ಟು ಸದಸ್ಯರ ಹೆಸರನ್ನು ಶಿಷ್ಯರೆಂದು ತೋರಿಸಲು ಹೊರಟರೆ ಸುಳ್ಳು ದಾಖಲೆಯ ಹೊಣೆ ಹೊರಬೇಕಾಗುತ್ತದೆ. ಅಲ್ಲದೆ, ಕೆಲವರಿಗೆ ಸಂಬಳ, ಉಳಿದವರಿಗೆ ಬರೀ ಚಪ್ಪಾಳೆ ಎಂಬ ಭೇದ ತಂಡವನ್ನು ಒಡೆಯಲು ಸಾಕು.

ತಂಜಾವೂರಿನ ದಕ್ಷಿಣ ವಲಯ ಹಾಗೂ ನಾಗಪುರದ ದಕ್ಷಿಣ ಮಧ್ಯ ವಲಯ ಸಾಂಸ್ಕೃತಿಕ ಕೇಂದ್ರಗಳೆರಡರಲ್ಲೂ ಕರ್ನಾಟಕ ಸದಸ್ಯ ರಾಜ್ಯ. ಜಾನಪದ ತಂಡಗಳಿಗೆ ಹೊರರಾಜ್ಯದ ವೇದಿಕೆ ದೊರೆಯುವುದು ಹೆಚ್ಚಾಗಿ ಇವುಗಳ ಮೂಲಕ.

ನಾಟಕ ಯಾರದು?

ಹಣಕ್ಕಿಂತ ಮೊದಲು ಕೇಳಬೇಕಾದ, ಆದರೆ ಬಹುಪಾಲು ತಂಡಗಳು ಕೊನೆಗೆ ಕೇಳುವ ಪ್ರಶ್ನೆ ಇದು. ಕೃತಿಸ್ವಾಮ್ಯ ಕಾಯ್ದೆ, 1957ರ ಪ್ರಕಾರ ಲೇಖಕರು ನಿಧನರಾದ ವರ್ಷದ ಮುಂದಿನ ಜನವರಿಯಿಂದ 60 ವರ್ಷಗಳ ಕಾಲ ಹಕ್ಕು ಅವರ ವಾರಸುದಾರರದು. 1946ರಲ್ಲಿ ನಿಧನರಾದ ಟಿ.ಪಿ. ಕೈಲಾಸಂ ಅವರ ಜೀವಿತಕಾಲದಲ್ಲೇ ಪ್ರಕಟವಾದ ನಾಟಕಗಳು 2007ರಿಂದ ಮುಕ್ತ. 1984ರಲ್ಲಿ ತೀರಿಕೊಂಡ ಶ್ರೀರಂಗರ ನಾಟಕಗಳ ಹಕ್ಕು 2044ರ ಕೊನೆಯವರೆಗೆ, 2000ದಲ್ಲಿ ತೀರಿಕೊಂಡ ಪಿ. ಲಂಕೇಶರದು 2060ರ ಕೊನೆಯವರೆಗೆ, 2019ರಲ್ಲಿ ತೀರಿಕೊಂಡ ಗಿರೀಶ ಕಾರ್ನಾಡರದು 2079ರ ಕೊನೆಯವರೆಗೆ ಇರುತ್ತದೆ. ಶೇಕ್ಸ್‌ಪಿಯರ್ ಮುಕ್ತನಾದರೂ ಅವನನ್ನು ಕನ್ನಡಕ್ಕೆ ತಂದವರ ಹಕ್ಕು ಬೇರೆಯೇ ಎಂಬುದನ್ನು ಮರೆಯುವಂತಿಲ್ಲ.

ಹವ್ಯಾಸಿಗಳಿಗೆ ಕಾಯ್ದೆ ಒಂದು ವಿಶೇಷ ರಿಯಾಯಿತಿಯನ್ನೂ ನೀಡಿದೆ. ಸೆಕ್ಷನ್ 52ರ ಪ್ರಕಾರ ಹವ್ಯಾಸಿ ಸಂಘವೊಂದು ಹಣ ಕೊಡದ ಪ್ರೇಕ್ಷಕರ ಎದುರು, ಇಲ್ಲವೇ ಧಾರ್ಮಿಕ ಸಂಸ್ಥೆಯೊಂದರ ಸಹಾಯಾರ್ಥ ನಾಟಕವಾಡಿದರೆ ಅದು ಹಕ್ಕಿನ ಉಲ್ಲಂಘನೆ ಆಗುವುದಿಲ್ಲ. ಊರಹಬ್ಬದ ಉಚಿತ ಪ್ರದರ್ಶನಕ್ಕೆ ಇದು ರಕ್ಷಣೆ. ಟಿಕೆಟ್ ಇಟ್ಟರೆ ಆ ರಕ್ಷಣೆ ಹೋಗುತ್ತದೆ, ಅನುಮತಿ ಬೇಕಾಗುತ್ತದೆ. ಪ್ರದರ್ಶನವನ್ನು ಚಿತ್ರೀಕರಿಸಿ ಯೂಟ್ಯೂಬ್‌ಗೆ ಏರಿಸುವುದಕ್ಕೂ, ಕಥೆ-ಕಾದಂಬರಿಗಳನ್ನು ನಾಟಕವಾಗಿಸುವುದಕ್ಕೂ ಈ ರಿಯಾಯಿತಿ ಅನ್ವಯಿಸದು. ಲೇಖಕರಿಗೋ ಅವರ ಮನೆಯವರಿಗೋ ಒಂದು ಪತ್ರ ಬರೆದು ಲಿಖಿತ ಒಪ್ಪಿಗೆ ಪಡೆದುಕೊಂಡರೆ ಅದು ಅನುದಾನದ ಕಡತಕ್ಕೂ ಸೇರುತ್ತದೆ.

ಟಿಕೆಟ್ ಇಡಲು ಹಿಂಜರಿಯುವವರಿಗೆ ಇನ್ನೊಂದು ಮಾತು: ಒಬ್ಬರಿಗೆ 500 ರೂಪಾಯಿ ಮೀರದ ನಾಟಕದ ಪ್ರವೇಶದರಕ್ಕೆ ಜಿಎಸ್‌ಟಿ ವಿನಾಯಿತಿ ಇದೆ.

ದಾನಿಗಳು, ಕಂಪನಿಗಳು, ಹೊರನಾಡ ಕನ್ನಡಿಗರು

ದೇಣಿಗೆ ನೀಡುವವರಿಗೆ ತೆರಿಗೆ ರಿಯಾಯಿತಿ ಸಿಗಬೇಕಾದರೆ ಸಂಘವು ಆದಾಯ ತೆರಿಗೆ ಇಲಾಖೆಯಿಂದ '12ಎ', '80ಜಿ' ಎಂದೇ ಪರಿಚಿತವಾದ ಮಾನ್ಯತೆಗಳನ್ನು ಪಡೆದಿರಬೇಕು. 2021ರಲ್ಲಿ ಬಂದ ಬದಲಾವಣೆಯ ನಂತರ ಈ ಮಾನ್ಯತೆ ಶಾಶ್ವತವಲ್ಲ, ಕಾಲಕಾಲಕ್ಕೆ ನವೀಕರಿಸಬೇಕು. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ದಾನಿಗೆ ರಿಯಾಯಿತಿ ಇಲ್ಲ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ಹಣ ಪಡೆಯಲು ಈ ಎರಡರ ಜೊತೆಗೆ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ 'ಸಿಎಸ್‌ಆರ್-1' ನೋಂದಣಿಯೂ ಬೇಕು. 2021ರ ಏಪ್ರಿಲ್‌ನಿಂದ ಇದು ಜಾರಿಯಲ್ಲಿದೆ. ಕಂಪನಿ ಕಾಯ್ದೆ, 2013ರ ಏಳನೇ ಅನುಸೂಚಿಯಲ್ಲಿ ಕಲೆ-ಸಂಸ್ಕೃತಿಯ ರಕ್ಷಣೆ, ಸಾಂಪ್ರದಾಯಿಕ ಕಲೆಗಳ ಪೋಷಣೆ ಸೇರಿವೆ. ಶಾಲಾಮಕ್ಕಳ ರಂಗಶಿಬಿರದಂಥ, ಫಲಾನುಭವಿಗಳನ್ನು ಎಣಿಸಿ ತೋರಿಸಬಹುದಾದ ಪ್ರಸ್ತಾವಕ್ಕೆ ಕಂಪನಿಗಳು ಹೆಚ್ಚು ಒಲಿಯುವುದು ಸಹಜ.

ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1993ರಲ್ಲಿ ಸ್ಥಾಪನೆಯಾದ ಸ್ವತಂತ್ರ ಸಂಸ್ಥೆ. ಸಂಶೋಧನೆ, ಕಲಾಪ್ರಯೋಗ ಹಾಗೂ 'ಕಲಿ-ಕಲಿಸು' ಹೆಸರಿನಲ್ಲಿ ಶಾಲೆಗಳ ಕಲಾಶಿಕ್ಷಣಕ್ಕೆ ಅದು ಅನುದಾನ ನೀಡುತ್ತ ಬಂದಿದೆ. ವಾರ್ಷಿಕೋತ್ಸವದ ಖರ್ಚಿಗೆ ಅಲ್ಲಿ ಎಡೆಯಿಲ್ಲ. ಹೊಸ ಆಲೋಚನೆಯಿರುವ ಯೋಜನೆಗೆ ಮಾತ್ರ.

ವಿದೇಶದಲ್ಲಿರುವ ಊರಿನವರು ಹಣ ಕಳಿಸಲು ಮುಂದಾದಾಗ ತಂಡಗಳು ಅರಿಯದೆ ಕಾನೂನು ಮುರಿಯುವುದುಂಟು. ಭಾರತೀಯ ಪಾಸ್‌ಪೋರ್ಟ್ ಉಳಿಸಿಕೊಂಡ ಅನಿವಾಸಿಯೊಬ್ಬರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಆದರೆ ಅಮೆರಿಕದ ಪೌರತ್ವ ಪಡೆದ ಅದೇ ಊರಿನ ಮಗನ ಹಣ, ಅಲ್ಲಿನ ಕನ್ನಡ ಕೂಟವೊಂದರ ಹಣ ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಕಡ್ಡಾಯ. ಹಿಂದಿನ ಮೂರು ವರ್ಷಗಳಲ್ಲಿ 15 ಲಕ್ಷ ರೂಪಾಯಿ ವೆಚ್ಚ ತೋರಿಸಬೇಕೆಂಬ ಷರತ್ತಿನಿಂದಾಗಿ ನೋಂದಣಿ ಸಣ್ಣ ತಂಡಗಳಿಗೆ ಎಟುಕದು.

ತರಬೇತಿ ಮತ್ತು ಪ್ರೇಕ್ಷಕ

ಸಾಗರ ತಾಲೂಕಿನ ಹೆಗ್ಗೋಡಿನ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಂ, 1949ರಲ್ಲಿ ಹುಟ್ಟಿದ್ದು ಹಳ್ಳಿಯ ಹವ್ಯಾಸಿ ತಂಡವಾಗಿಯೇ. ಕೆ.ವಿ. ಸುಬ್ಬಣ್ಣ ಅವರ ಮುಂದಾಳತ್ವದಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಆರಂಭವಾದದ್ದು 1980ರಲ್ಲಿ, 'ತಿರುಗಾಟ' ಹೊರಟದ್ದು 1985ರಲ್ಲಿ. ತಿರುಗಾಟದ ನಾಟಕಗಳನ್ನು ಊರೂರಿನಲ್ಲಿ ಬರಮಾಡಿಕೊಳ್ಳುವವರು ಬಹುತೇಕ ಸ್ಥಳೀಯ ಸಂಘಗಳೇ. ಸಾಣೇಹಳ್ಳಿಯ ಶಿವಸಂಚಾರದ್ದೂ ಇದೇ ಕ್ರಮ. ಸ್ವಂತ ನಾಟಕ ಕಟ್ಟುವ ಶಕ್ತಿ ಇನ್ನೂ ಬಾರದ ತಂಡ ಇಂಥ ಪ್ರದರ್ಶನವೊಂದನ್ನು ಏರ್ಪಡಿಸಿದರೆ ಟಿಕೆಟ್ ಮಾರುವುದು, ರಂಗಮಂದಿರ ಸಜ್ಜುಗೊಳಿಸುವುದು, ಊರಿನ ದಾನಿಗಳ ಪರಿಚಯ ಎಲ್ಲವೂ ಒಂದೇ ಏಟಿಗೆ ಸಿದ್ಧಿಸುತ್ತವೆ. ಮೂರು ವರ್ಷದ ಚಟುವಟಿಕೆಯ ದಾಖಲೆಗೂ ಅದು ಸೇರುತ್ತದೆ.

ನೀನಾಸಂ, ಮೈಸೂರು ರಂಗಾಯಣ, ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರಗಳಲ್ಲಿ ಕಲಿತು ಹೊರಬಂದವರು ರಾಜ್ಯದ ನಾನಾ ಜಿಲ್ಲೆಗಳಲ್ಲಿದ್ದಾರೆ. ಒಂದು ತಿಂಗಳ ಮಟ್ಟಿಗೆ ಅಂಥವರೊಬ್ಬರನ್ನು ಊಟ, ವಸತಿ, ಗೌರವಧನ ಕೊಟ್ಟು ಕರೆಸಿಕೊಳ್ಳುವುದು ದುಬಾರಿ ರಂಗಸಜ್ಜಿಕೆಗಿಂತ ಉತ್ತಮ ವೆಚ್ಚ.

ಬಯಲು ಪ್ರದರ್ಶನವಾದರೆ ಪೊಲೀಸ್ ಅನುಮತಿಯನ್ನು ಮುಂಚಿತವಾಗಿ ಪಡೆಯಬೇಕು. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆಂದು ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸಡಿಲಿಕೆ ನೀಡಲು ರಾಜ್ಯ ಸರ್ಕಾರಕ್ಕೆ ಅಧಿಕಾರವಿದೆ. ಬೆಳಗಿನವರೆಗೆ ನಡೆಯುವ 'ಕುರುಕ್ಷೇತ್ರ'ಕ್ಕೆ ಮುಹೂರ್ತ ಇಡುವ ಮುನ್ನ ಹಾರ್ಮೋನಿಯಂ ಮೇಷ್ಟ್ರ ಜೊತೆಗೆ ಠಾಣೆಯವರನ್ನೂ ಕೇಳಬೇಕಾದ ಕಾಲವಿದು.