ಎರಡು ಗಂಟಿನ ಬೇಲರ್: ಹುಲ್ಲು ಕಟ್ಟುವ ಯಂತ್ರದ ಕಥೆ

ಕೊಯ್ದು ಒಣಗಿಸಿದ ಮೇವನ್ನು ನೆಲದಿಂದ ಎತ್ತಿಕೊಂಡು, ಒತ್ತಿ, ಹುರಿಯಿಂದ ಬಿಗಿದು ದಿಂಡು ಮಾಡುವ ಯಂತ್ರವೇ ಬೇಲರ್. ಇದನ್ನು ಎಳೆಯುವುದೂ ನಡೆಸುವುದೂ ಟ್ರ್ಯಾಕ್ಟರ್. ಅಮೆರಿಕದಲ್ಲಿ ಊರೂರು ತಿರುಗಿ ಬಾಡಿಗೆಗೆ ಹುಲ್ಲು ಕಟ್ಟಿಕೊಡುವ ಗುತ್ತಿಗೆದಾರರಿದ್ದಾರೆ. ಅಂಥವರು ಹಳೆಯ ಬೇಲರ್ ಕೊಳ್ಳಲು ಹೋದರೆ ಗಂಟು ಹಾಕುವ ಭಾಗವನ್ನು ತಪ್ಪದೆ ಪರೀಕ್ಷಿಸುತ್ತಾರೆ. ಇಷ್ಟು ದೊಡ್ಡ ಯಂತ್ರದಲ್ಲಿ ಗಂಟಿಗೇಕೆ ಇಷ್ಟು ಮಹತ್ವ? ಉತ್ತರ ಇತಿಹಾಸದಲ್ಲಿದೆ.

19ನೆಯ ಶತಮಾನದಲ್ಲಿ ಗೋಧಿಯ ಸಿವುಡು ಕಟ್ಟುವ ಯಂತ್ರಗಳು ಮೊದಲು ತಂತಿಯನ್ನು ಬಳಸುತ್ತಿದ್ದವು. ತಂತಿಯ ಚೂರುಗಳು ಮೇವಿನೊಡನೆ ದನಗಳ ಹೊಟ್ಟೆ ಸೇರುತ್ತಿದ್ದುದರಿಂದ ರೈತರಿಗೆ ಅದು ಬೇಡವಾಗಿತ್ತು. ಹುರಿಯಾದರೆ ಆ ಅಪಾಯವಿಲ್ಲ. ಆದರೆ ಯಂತ್ರವೊಂದು ಹುರಿಗೆ ಗಂಟು ಹಾಕುವುದು ಹೇಗೆ? ವಿಸ್ಕಾನ್ಸಿನ್ನಿನ ಜಾನ್ ಆಪಲ್‌ಬಿ 1858ರಲ್ಲಿ, ಇನ್ನೂ ತರುಣನಾಗಿದ್ದಾಗಲೇ, ಈ ಬಗ್ಗೆ ಯೋಚಿಸಿದ್ದ. ಹಕ್ಕಿಯ ಕೊಕ್ಕಿನಂತಿರುವ ಒಂದು ಕೊಂಡಿ ಸುತ್ತು ತಿರುಗಿ, ಹುರಿಯ ತುದಿಗಳನ್ನು ಕಚ್ಚಿ ಕುಣಿಕೆಯೊಳಗಿಂದ ಎಳೆಯುವ ಅವನ ಸಾಧನ 1870ರ ದಶಕದ ಕೊನೆಗೆ ಬಳಕೆಗೆ ಬಂತು. ಇಂದಿನ ಬೇಲರುಗಳಲ್ಲೂ ಇದೇ ತತ್ತ್ವ ಮುಂದುವರಿದಿದೆ.

ಮುಂದಿನ ದೊಡ್ಡ ಹೆಜ್ಜೆ ಪೆನ್ಸಿಲ್ವೇನಿಯದ ರೈತ ಎಡ್ವಿನ್ ನೋಲ್ಟ್‌ನದು. ಹಿಂದೆ ದಿಂಡು ಬಿಗಿಯಲು ಯಂತ್ರದ ಮೇಲೆಯೇ ಆಳುಗಳು ಕುಳಿತು, ದೂಳು ಕುಡಿಯುತ್ತ ಕೈಯಿಂದ ಕಟ್ಟಬೇಕಿತ್ತು. ತಾನೇ ಎತ್ತಿ ತಾನೇ ಕಟ್ಟುವ ಅವನ ಬೇಲರನ್ನು ನ್ಯೂ ಹಾಲೆಂಡ್ ಕಂಪನಿ 1940ರಲ್ಲಿ ಮಾರುಕಟ್ಟೆಗೆ ತಂದಿತು. ಆದರೂ ಅದರ ದಿಂಡುಗಳು ಚಿಕ್ಕವು. ಒಂದೊಂದನ್ನೂ ಆಳುಗಳು ಹೊತ್ತು ಗಾಡಿಗೆ ಏರಿಸಬೇಕಾಗುತ್ತಿತ್ತು.

ಆಳು ಸಿಗುವುದು ಕಷ್ಟವಾದಂತೆ ದಿಂಡು ದೊಡ್ಡದಾಯಿತು. ಅಯೋವಾದ ಗ್ಯಾರಿ ವರ್ಮೀರ್ 1971ರಲ್ಲಿ ದೊಡ್ಡ ದುಂಡು ದಿಂಡಿನ ಬೇಲರನ್ನು ರೂಪಿಸಿದ. ದುಂಡು ದಿಂಡು ಸ್ವಂತ ಕೊಟ್ಟಿಗೆಗೆ ಸರಿ. ದೂರದ ಡೈರಿಗಳಿಗೆ ಲಾರಿಯಲ್ಲಿ ಕಳುಹಿಸುವಾಗ ಮಾತ್ರ ದಿಂಡುಗಳ ನಡುವೆ ಜಾಗ ವ್ಯರ್ಥವಾಗುತ್ತದೆ. ಈ ಕೊರತೆಯನ್ನು ತುಂಬಿದ್ದು ಕ್ಯಾನ್ಸಸ್ಸಿನ ಹೆಸ್ಟನ್ ಕಂಪನಿಯ 4800 ಮಾದರಿ. 1978ರಲ್ಲಿ ಹೊರಬಂದ ಇದರ ದಿಂಡು 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದ. ತೂಕ ಒಂದು ಟನ್ನಿನ ಹತ್ತಿರ. ಲಾರಿಯ ಅಗಲಕ್ಕೆ ಎರಡು ದಿಂಡು ಸರಿಯಾಗಿ ಕೂರುತ್ತವೆ.

ಇಲ್ಲಿಯೇ ಹಳೆಯ ಗಂಟು ಸೋತಿತು. ಚಿಕ್ಕ ಬೇಲರಿನಲ್ಲಿ ಹುರಿ ಒಂದೇ ಉಂಡೆಯಿಂದ ಬಂದು, ಬೆಳೆಯುತ್ತಿರುವ ದಿಂಡಿನ ಸುತ್ತ ಜಾರುತ್ತದೆ. ದೊಡ್ಡ ದಿಂಡಿನ ಒತ್ತಡದಲ್ಲಿ ಹೀಗೆ ಜಾರಿದರೆ ಹುರಿ ಬಿಗಿಯಾಗಿ, ಗಂಟು ಬೀಳುವ ಮೊದಲೇ ಹರಿಯುತ್ತದೆ. ಹೆಸ್ಟನ್ ತಂತ್ರಜ್ಞರು ಹುರಿಯನ್ನು ಮೇಲಿನಿಂದ ಒಂದು, ಕೆಳಗಿನಿಂದ ಒಂದು ಹೀಗೆ ಎರಡು ಉಂಡೆಗಳಿಂದ ಕೊಟ್ಟರು. ದಿಂಡು ಮುಗಿದಾಗ ಒಂದು ಗಂಟು ಅದನ್ನು ಮುಚ್ಚುತ್ತದೆ. ಮರುಕ್ಷಣವೇ ಬೀಳುವ ಎರಡನೆಯ ಗಂಟು ಮುಂದಿನ ದಿಂಡಿಗೆ ಮೇಲಿನ, ಕೆಳಗಿನ ಹುರಿಗಳನ್ನು ಜೋಡಿಸುತ್ತದೆ. ಹೀಗಾಗಿ ಗಂಟು ಬೀಳುವ ಹೊತ್ತಿಗೆ ಹುರಿಯ ಮೇಲೆ ಹೆಚ್ಚಿನ ಎಳೆತವಿರುವುದಿಲ್ಲ.

ಆರು ಹುರಿ ಕಟ್ಟುವ ಯಂತ್ರದಲ್ಲಿ ಒಂದು ದಿಂಡಿಗೆ 12 ಗಂಟು. ದಿನಕ್ಕೆ 300 ದಿಂಡು ಎಂದುಕೊಂಡರೆ 3600 ಗಂಟು. ಒಣ ಪ್ರದೇಶಗಳಲ್ಲಿ ಕುದುರೆ ಮೆಂತೆಯ ಎಲೆ ಉದುರದಿರಲೆಂದು ಇಬ್ಬನಿಯ ತೇವವಿರುವ ರಾತ್ರಿಯ ಕೆಲವೇ ಗಂಟೆಗಳಲ್ಲಿ ದಿಂಡು ಕಟ್ಟುತ್ತಾರೆ. ಆ ಹೊತ್ತಿನಲ್ಲಿ ಗಂಟು ತಪ್ಪತೊಡಗಿದರೆ ರೈತನ ಮೇವೂ ಕೆಡುತ್ತದೆ, ಗುತ್ತಿಗೆದಾರನ ಹೆಸರೂ ಕೆಡುತ್ತದೆ. ಆದ್ದರಿಂದಲೇ ಅನುಭವಿಗಳು ಯಂತ್ರದ ವಯಸ್ಸಿಗಿಂತ ಅದು ಕಟ್ಟಿರುವ ದಿಂಡುಗಳ ಲೆಕ್ಕ ಕೇಳುತ್ತಾರೆ. ಕೊಕ್ಕಿನ ಸವೆತ, ಗಂಟಿನ ಮೇಲಿನ ದೂಳು ಊದುವ ಗಾಳಿಯ ವ್ಯವಸ್ಥೆ, ಬಿಡಿಭಾಗ ಸಿಗುವ ದೂರ ಇವನ್ನು ವಿಚಾರಿಸುತ್ತಾರೆ.

ನಮ್ಮಲ್ಲೂ ಭತ್ತದ ಗದ್ದೆಗಳಲ್ಲಿ ಕಟಾವು ಯಂತ್ರದ ಹಿಂದೆಯೇ ಚಿಕ್ಕ ಬೇಲರುಗಳು ಬಾಡಿಗೆಗೆ ಬರುತ್ತಿವೆ. ಗಾತ್ರ ಬೇರೆಯಾದರೂ ಪಾಠ ಒಂದೇ: ಯಂತ್ರ ಎಷ್ಟು ಜೋರಾಗಿ ಒತ್ತಿದರೂ, ಕಟ್ಟು ನಿಲ್ಲದಿದ್ದರೆ ಹುಲ್ಲು ಮತ್ತೆ ನೆಲದ ಮೇಲೆಯೇ.